ಕಾಲೇಜಿನ ದೆವ್ವಕ್ಕೆ ಯಾರ ಮೇಲೆ ಸಿಟ್ಟು?

ಸಹಪಾಠಿಗಳು ಸೇರಿ ಒಬ್ಬರನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಅದು ಮಿತಿಮೀರಿ ಒಂದು ದಿನ ಆ ಜೀವ ಹೋಗುತ್ತದೆ. ಸಂಸ್ಥೆಯ ಹೆಸರು ಕೆಡಬಾರದೆಂದು ದೊಡ್ಡವರು ವಿಷಯ ಮುಚ್ಚಿಹಾಕುತ್ತಾರೆ. ವರ್ಷಗಳು ಉರುಳಿದ ಮೇಲೆ ಅದೇ ಕಟ್ಟಡದಲ್ಲಿ, ಅದೇ ತಾರೀಕಿನ ರಾತ್ರಿ, ಸತ್ತವರು ಲೆಕ್ಕ ಕೇಳಲು ಬರುತ್ತಾರೆ. ಕಡಿಮೆ ಖರ್ಚಿನಲ್ಲಿ, ಹೊಸ ಮುಖಗಳನ್ನು ಹಾಕಿಕೊಂಡು ತೆಗೆದ ಕಾಲೇಜು ದೆವ್ವದ ಸಿನಿಮಾಗಳ ಅಸ್ಥಿಪಂಜರ ಹೆಚ್ಚುಕಡಿಮೆ ಇಷ್ಟೇ. ಅಮೆರಿಕದಿಂದ ಕೊರಿಯಾದವರೆಗೆ ಐವತ್ತು ವರ್ಷಗಳಿಂದ ಇದೇ ಕಥೆ ಮತ್ತೆ ಮತ್ತೆ ತೆರೆಗೆ ಬರುತ್ತಿದೆ, ಪ್ರತಿ ಪೀಳಿಗೆಯ ಹುಡುಗ ಹುಡುಗಿಯರೂ ಟಿಕೆಟ್ ಕೊಂಡು ನೋಡುತ್ತಿದ್ದಾರೆ.

ಇವನ್ನು ಅಳೆಯುವಾಗ ದೆವ್ವ ಎಷ್ಟು ಹೆದರಿಸಿತು ಎನ್ನುವುದನ್ನೇ ನಾವು ಮೊದಲು ಕೇಳುತ್ತೇವೆ. ನನಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ. ಆ ದೆವ್ವಕ್ಕೆ ಯಾರ ಮೇಲೆ ಸಿಟ್ಟು? ಸಿಟ್ಟಿನ ಕಾರಣವನ್ನು ಸಿನಿಮಾ ಎಷ್ಟು ಹತ್ತಿರದಿಂದ ತೋರಿಸಿತು? ಇದಕ್ಕೆ ಸರಿಯಾಗಿ ಉತ್ತರ ಕೊಟ್ಟ ಚಿತ್ರಗಳು ಮೇಕಪ್ಪು ಹಳತಾದರೂ, ಕ್ಯಾಮೆರಾ ತಂತ್ರ ಸವೆದುಹೋದರೂ ಇವತ್ತಿಗೂ ಕಾಡುತ್ತವೆ. ಉತ್ತರ ಕೊಡದವು ಥಿಯೇಟರಿನ ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತವೆ.

ದೆವ್ವ ಕಾಲೇಜನ್ನೇ ಹುಡುಕಿಕೊಂಡು ಬರುವುದಕ್ಕೆ ನಿರ್ಮಾಪಕರ ಜೇಬೂ ಒಂದು ಕಾರಣ, ಅದನ್ನು ಮೊದಲೇ ಹೇಳಿಬಿಡಬೇಕು. ರಜೆಯಲ್ಲಿ ಕಾಲೇಜು ಕಟ್ಟಡ ಖಾಲಿ ಬಿದ್ದಿರುತ್ತದೆ. ಉದ್ದನೆಯ ಕಾರಿಡಾರ್, ಮೆಟ್ಟಿಲು, ಲ್ಯಾಬು, ಹಾಸ್ಟೆಲಿನ ಬಚ್ಚಲು, ಬೀಗ ಹಾಕಿದ ಹಳೆಯ ಕೊಠಡಿ, ಯಾವುದಕ್ಕೂ ಸೆಟ್ ಹಾಕಬೇಕಾಗಿಲ್ಲ. ಪಾತ್ರಗಳೆಲ್ಲ ಇಪ್ಪತ್ತರ ಆಸುಪಾಸಿನವು, ಆದ್ದರಿಂದ ದೊಡ್ಡ ಸಂಭಾವನೆಯ ತಾರೆಯರ ಕಾಲ್‌ಶೀಟಿಗೆ ಕಾಯಬೇಕಿಲ್ಲ. ಕಥೆ ಒಂದೇ ರಾತ್ರಿಯಲ್ಲಿ ಮುಗಿಯುವುದರಿಂದ ಉಡುಪು ಬದಲಿಸುವ ಖರ್ಚೂ ಇಲ್ಲ. 1982ರ 'ದಿ ಡಾರ್ಮ್ ದಟ್ ಡ್ರಿಪ್ಡ್ ಬ್ಲಡ್' ಚಿತ್ರವನ್ನು ಲಾಸ್ ಏಂಜಲೀಸಿನ ಯುಸಿಎಲ್‌ಎ ವಿದ್ಯಾರ್ಥಿಗಳಾಗಿದ್ದ ಜೆಫ್ರಿ ಓಬ್ರೋ ಮತ್ತು ಸ್ಟೀಫನ್ ಕಾರ್ಪೆಂಟರ್ ತಮ್ಮದೇ ಕ್ಯಾಂಪಸ್ಸಿನಲ್ಲಿ, ಕ್ರಿಸ್‌ಮಸ್ ರಜೆಯನ್ನು ಬಳಸಿಕೊಂಡು ತೆಗೆದರು. ಕಥೆಯೂ ರಜೆಯಲ್ಲಿ ಖಾಲಿಯಾದ ಹಾಸ್ಟೆಲಿನದ್ದೇ. ಅದರಲ್ಲಿ ದೆವ್ವವಿಲ್ಲ, ಕೊಲೆಗಾರನಿದ್ದಾನೆ. ಆದರೆ ಈ ಬಗೆಯ ಸಿನಿಮಾಗಳ ಲೆಕ್ಕಾಚಾರವನ್ನು ಅಷ್ಟು ಬರಿಗಣ್ಣಿಗೆ ಕಾಣುವಂತೆ ಇಟ್ಟ ಚಿತ್ರ ಮತ್ತೊಂದಿಲ್ಲ.

ಜೇಬಿನ ಲೆಕ್ಕಕ್ಕಿಂತ ಆಳವಾದ ಕಾರಣವೂ ಇದೆ. ಅಪರಿಚಿತರನ್ನು ಒಂದೇ ಸೂರಿನಡಿ ತಂದು, ವಯಸ್ಸಿಗೆ ತಕ್ಕಂತೆ ಮೇಲೆ ಕೆಳಗೆ ನಿಲ್ಲಿಸಿ, ಮೂರು ನಾಲ್ಕು ವರ್ಷ ಹೊರಗೆ ಹೋಗದಂತೆ ಹಿಡಿದಿಡುವ ಜಾಗ ಕಾಲೇಜು. ಅಲ್ಲಿ ಅವಮಾನಕ್ಕೆ ಯಾವಾಗಲೂ ಸಾಕ್ಷಿಗಳಿರುತ್ತಾರೆ. ಮಾತಾಡುವವರು ಮಾತ್ರ ಇರುವುದಿಲ್ಲ. ಪ್ರೇತಕಥೆಗೆ ಇದಕ್ಕಿಂತ ಫಲವತ್ತಾದ ನೆಲ ಇನ್ನೊಂದಿಲ್ಲ.

ಈ ನೆಲದಲ್ಲಿ ಮೊದಲು ಬಿತ್ತಿದವರು ವಿದ್ಯಾರ್ಥಿಗಳ ಕಡೆ ನೋಡಲಿಲ್ಲ, ಅಧ್ಯಾಪಕರ ಕಡೆ ನೋಡಿದರು. ಸಿಡ್ನಿ ಹೇಯರ್ಸ್ ನಿರ್ದೇಶಿಸಿದ ಬ್ರಿಟಿಷ್ ಚಿತ್ರ 'ನೈಟ್ ಆಫ್ ದಿ ಈಗಲ್' 1962ರದು. ಕಪ್ಪು ಬಿಳುಪು, ಚಿಕ್ಕ ಬಜೆಟ್ಟು. ಫ್ರಿಟ್ಸ್ ಲೈಬರ್ ಬರೆದ 'ಕಾಂಜರ್ ವೈಫ್' ಕಾದಂಬರಿ ಇದಕ್ಕೆ ಮೂಲ. ಮೂಢನಂಬಿಕೆಯ ವಿರುದ್ಧ ಪಾಠ ಹೇಳುವ ಪ್ರಾಧ್ಯಾಪಕ ನಾರ್ಮನ್ ಟೇಲರ್‌ಗೆ ಬಡ್ತಿಯ ಹಾದಿ ಸುಗಮವಾಗಿದೆ. ತನ್ನ ಗಂಡನನ್ನು ಹಿಂದೆ ಹಾಕಿ ಇವನು ಮುಂದೆ ಹೋಗುತ್ತಿದ್ದಾನೆಂದು ಸಹೋದ್ಯೋಗಿಯ ಹೆಂಡತಿ ಮಾಟ ಮಾಡಲು ನಿಲ್ಲುತ್ತಾಳೆ. ಮೊದಲ ದೃಶ್ಯದಲ್ಲಿ ಟೇಲರ್ ಕರಿಹಲಗೆಯ ಮೇಲೆ 'ಐ ಡು ನಾಟ್ ಬಿಲೀವ್' ಎಂದು ಬರೆದಿದ್ದಾನೆ. ಕೊನೆಯಲ್ಲಿ ಕಟ್ಟಡದ ಕಲ್ಲಿನ ಹದ್ದು ಜೀವ ತಳೆದು ಅಟ್ಟಿಸಿಕೊಂಡು ಬಂದಾಗ ಅವನು ಅದೇ ಹಲಗೆಗೆ ಬೆನ್ನು ಒತ್ತಿ ನಿಲ್ಲುತ್ತಾನೆ. ಸರಿದಾಗ ನೋಡಿದರೆ 'ನಾಟ್' ಅಳಿಸಿಹೋಗಿದೆ. ಒಂದು ಹಲಗೆ, ಒಂದು ಸೀಮೆಸುಣ್ಣ, ನಟನ ಕೋಟಿನ ಬೆನ್ನು, ಇಷ್ಟರಲ್ಲಿ ಆ ಮನುಷ್ಯನ ಪೂರ್ತಿ ಪತನವನ್ನು ತೋರಿಸಿದ್ದಾರೆ. ಕೋಟಿಗಟ್ಟಲೆ ಖರ್ಚಿನ ಗ್ರಾಫಿಕ್ಸ್ ಬಂದಮೇಲೂ ಆ ಕೆಲಸವನ್ನು ಅಷ್ಟು ಚೊಕ್ಕವಾಗಿ ಮಾಡಿದವರು ಕಡಿಮೆ.

ಆದರೆ ಇಂದು ನಾವು ಕಾಣುವ ರೂಪಕ್ಕೆ ಅಚ್ಚು ಹಾಕಿದ್ದು 1976ರ 'ಕ್ಯಾರಿ'. ಸ್ಟೀಫನ್ ಕಿಂಗ್ 1974ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿಯನ್ನು ಬ್ರಯಾನ್ ಡಿ ಪಾಲ್ಮಾ ಸುಮಾರು 18 ಲಕ್ಷ ಡಾಲರಿನಲ್ಲಿ ಸಿನಿಮಾ ಮಾಡಿದರು. ಅದು ಅಮೆರಿಕದಲ್ಲೇ 3 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಇಲ್ಲಿ ಸತ್ತವರು ಎದ್ದು ಬರುವುದಿಲ್ಲ, ಬದುಕಿರುವ ಹುಡುಗಿಯ ಮನಸ್ಸಿನ ಶಕ್ತಿಯೇ ಸೇಡು ತೀರಿಸಿಕೊಳ್ಳುತ್ತದೆ. ಎಲ್ಲರೂ ನೆನಪಿಡುವುದು ಪ್ರಾಮ್ ಎಂಬ ಶಾಲಾ ನೃತ್ಯಕೂಟದ ರಾತ್ರಿ ಅವಳ ತಲೆಯ ಮೇಲೆ ಸುರಿದ ಹಂದಿಯ ರಕ್ತವನ್ನು. ನಾನು ಮತ್ತೆ ಮತ್ತೆ ಹಿಂದಿರುಗಿ ನೋಡುವುದು ಅದಕ್ಕಿಂತ ಬಹಳ ಮೊದಲು ಬರುವ ಪ್ರಿನ್ಸಿಪಾಲರ ಕೊಠಡಿಯ ದೃಶ್ಯವನ್ನು.

ಮೊದಲ ಬಾರಿಗೆ ಮುಟ್ಟಾದ ಕ್ಯಾರಿ ಏನಾಯಿತೆಂದು ತಿಳಿಯದೆ ಕಿರುಚಿದ್ದಾಳೆ, ಸಹಪಾಠಿಗಳು ಅವಳ ಮೇಲೆ ಪ್ಯಾಡುಗಳನ್ನು ಎಸೆದು ನಕ್ಕಿದ್ದಾರೆ. ಈಗ ಪ್ರಿನ್ಸಿಪಾಲ್ ಎದುರು ನಿಂತಿದ್ದಾಳೆ. ಅವರಿಗೆ ಈ ವಿಷಯ ಮಾತಾಡಲೇ ಮುಜುಗರ. ಆಟದ ಟೀಚರಿನ ಬಟ್ಟೆಗೆ ತಾಗಿದ ರಕ್ತದ ಕಲೆಯನ್ನು ನೋಡಲಾರರು, ನೋಡದೆ ಇರಲಾರರು. ಸಮಾಧಾನ ಹೇಳುವವರಂತೆ ಮಾತಾಡುತ್ತ ಹುಡುಗಿಯನ್ನು 'ಕ್ಯಾಸಿ' ಎಂದು ಕರೆಯುತ್ತಾರೆ. ತಿದ್ದಿದರೂ ಮತ್ತೆ ಅದೇ. ಅವಳ ಸಹನೆ ಕಟ್ಟೆಯೊಡೆದಾಗ ಮೇಜಿನ ಮೇಲಿದ್ದ ಆಷ್‌ಟ್ರೇ ತಾನಾಗಿ ಹಾರಿ ನೆಲಕ್ಕೆ ಬೀಳುತ್ತದೆ. ಪ್ರಿನ್ಸಿಪಾಲ್ ಕೆಟ್ಟವರಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ. ಎದುರಿಗೆ ಅಳುತ್ತ ನಿಂತವಳ ಹೆಸರು ಮಾತ್ರ ಅವರಿಗೆ ಗೊತ್ತಿಲ್ಲ. ಶಾಲೆಯ ಹಾಲನ್ನೇ ಸುಡಲಿರುವ ಬೆಂಕಿಯ ಮೊದಲ ಕಿಡಿಯನ್ನು ಡಿ ಪಾಲ್ಮಾ ತೋರಿಸಿದ್ದು ಇಲ್ಲಿ. ಮುಂದೆ ಪ್ರಾಮ್ ಹಾಲಿನ ಬಾಗಿಲುಗಳು ತಾವಾಗಿ ಮುಚ್ಚಿಕೊಂಡಾಗ ಅವಳಿಗೆ ಒಳ್ಳೆಯದು ಮಾಡಿದ ಆಟದ ಟೀಚರೂ ಸಾಯುತ್ತಾಳೆ. ಆ ಅನ್ಯಾಯ ನಮ್ಮನ್ನು ಚುಚ್ಚಬೇಕೆಂದೇ ಸಿನಿಮಾ ಹಾಗೆ ಮಾಡಿದೆ. ಸಿಸ್ಸಿ ಸ್ಪೇಸೆಕ್ ಮತ್ತು ತಾಯಿಯ ಪಾತ್ರದ ಪೈಪರ್ ಲಾರಿ ಇಬ್ಬರೂ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಭಯದ ಚಿತ್ರಕ್ಕೆ ಅದು ಅಪರೂಪದ ಮನ್ನಣೆ.

ಕ್ಯಾರಿಯ ಯಶಸ್ಸು ನೋಡಿ ಬಂದವರಲ್ಲಿ ಹೆಚ್ಚಿನವರು ಹಂದಿಯ ರಕ್ತವನ್ನು ಕಲಿತರು, ಪ್ರಿನ್ಸಿಪಾಲರ ಕೊಠಡಿಯನ್ನು ಬಿಟ್ಟರು. 1980ರ 'ಟೆರರ್ ಟ್ರೈನ್' ಚಿತ್ರದಲ್ಲಿ ವೈದ್ಯಕೀಯ ಕಲಿಯುವ ಹುಡುಗರು ಒಬ್ಬ ಸಂಕೋಚದ ಹುಡುಗನನ್ನು ಹೆಣದ ಪಕ್ಕ ಮಲಗಿಸಿ ನಗುತ್ತಾರೆ. ಆ ಒಂದು ದೃಶ್ಯ ಮುಗಿಯುತ್ತಲೇ ಅವನು ಮನುಷ್ಯನಾಗಿ ಉಳಿಯುವುದಿಲ್ಲ, ಮುಖವಾಡ ಬದಲಿಸುತ್ತ ಒಬ್ಬೊಬ್ಬರನ್ನೇ ಕೊಲ್ಲುವ ಯಂತ್ರವಾಗುತ್ತಾನೆ. ಮುಂದಿನ ಹತ್ತು ವರ್ಷದ ಕ್ಯಾಂಪಸ್ ಚಿತ್ರಗಳಲ್ಲಿ ಬಹುಪಾಲು ಇದೇ ದಾರಿ ಹಿಡಿದವು. ಐದು ನಿಮಿಷ ಅವಮಾನ, ಎಂಬತ್ತು ನಿಮಿಷ ಹೆಣಗಳ ಎಣಿಕೆ.

ಆ ಗುಂಪಿನಲ್ಲಿ ನನ್ನ ಮಟ್ಟಿಗೆ ಎತ್ತಿ ಹೇಳಬೇಕಾದ ಚಿತ್ರ ಎರಿಕ್ ವೆಸ್ಟನ್ನರ 'ಈವಿಲ್‌ಸ್ಪೀಕ್' (1981). ತಾಯಿ ತಂದೆಯಿಲ್ಲದ ಸ್ಟಾನ್ಲಿ ಕೂಪರ್‌ಸ್ಮಿತ್ ಮಿಲಿಟರಿ ಅಕಾಡೆಮಿಯಲ್ಲಿ ಓದುತ್ತಿದ್ದಾನೆ. ಹುಡುಗರು ಹಿಂಸಿಸುತ್ತಾರೆ, ದೊಡ್ಡವರು ನೋಡಿ ಸುಮ್ಮನಿರುತ್ತಾರೆ. ಅವನಿಗಿರುವ ಒಂದೇ ಆಸರೆ ಒಂದು ನಾಯಿಮರಿ. ಚರ್ಚಿನ ನೆಲಮಾಳಿಗೆಯಲ್ಲಿ ಸಿಕ್ಕ ಪುರಾತನ ಮಾಟದ ಪುಸ್ತಕವನ್ನು ಆ ಕಾಲಕ್ಕೆ ಹೊಸದಾಗಿದ್ದ ಕಂಪ್ಯೂಟರಿಗೆ ಉಣಿಸಿ ಸೈತಾನನನ್ನು ಕರೆಯುವ ಕಥೆ ಇವತ್ತು ಕೇಳಲು ವಿಚಿತ್ರವೆನಿಸಬಹುದು. ಆದರೆ ಸ್ಟಾನ್ಲಿಯಾಗಿ ಕ್ಲಿಂಟ್ ಹೋವರ್ಡ್ ಅಷ್ಟು ಪ್ರಾಮಾಣಿಕವಾಗಿ ನಟಿಸಿದ್ದಾರೆ. ಹುಡುಗರು ಆ ನಾಯಿಮರಿಯನ್ನು ಕೊಂದ ಮೇಲೆ ಕೊನೆಯ ರಕ್ತಪಾತಕ್ಕೆ ನಮ್ಮೊಳಗಿನ ಏನೋ ಒಂದು ಹೂಂಗುಡುತ್ತದೆ, ಹೂಂಗುಟ್ಟಿದ್ದಕ್ಕೆ ನಾವೇ ಬೆಚ್ಚುತ್ತೇವೆ. ಬ್ರಿಟನ್ನಿನಲ್ಲಿ ಈ ಚಿತ್ರ 'ವಿಡಿಯೋ ನ್ಯಾಸ್ಟಿ' ಎಂಬ ಕಪ್ಪುಪಟ್ಟಿಗೆ ಸೇರಿತ್ತು. ಅದರ ಸೇಡು ಅಕಾಡೆಮಿಯ ಚರ್ಚಿನೊಳಗೇ, ಹುಡುಗರ ಜೊತೆ ಹಿರಿಯರನ್ನೂ ಸೇರಿಸಿ ಬೀಳುತ್ತದೆ. ಅಲ್ಲಿ ದೆವ್ವದ ಲೆಕ್ಕ ತಪ್ಪಿಲ್ಲ.

ಆ ಲೆಕ್ಕವನ್ನು ಪೂರ್ತಿ ಒಪ್ಪವಾಗಿ ಬರೆದವರು ಕೊರಿಯಾದವರು. 1996ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಸಿನಿಮಾದ ಪೂರ್ವ ಸೆನ್ಸಾರನ್ನು ರದ್ದು ಮಾಡಿತು. ಎರಡೇ ವರ್ಷಕ್ಕೆ, 1998ರಲ್ಲಿ, ಪಾರ್ಕ್ ಕಿ-ಹ್ಯುಂಗ್ ಅವರ 'ವಿಸ್ಪರಿಂಗ್ ಕಾರಿಡಾರ್ಸ್' ಬಂತು. ಹೆಣ್ಣುಮಕ್ಕಳ ಹೈಸ್ಕೂಲು, ಪರೀಕ್ಷೆಯ ಒತ್ತಡ, ರ‍್ಯಾಂಕಿನ ಪ್ರಕಾರ ಮಕ್ಕಳನ್ನು ತೂಗುವ ಶಿಕ್ಷಕರು. ಹುಡುಗಿಯರು ಒಬ್ಬ ಶಿಕ್ಷಕಿಗೆ 'ಮುದಿ ನರಿ' ಎಂದೂ ಕೈಯೆತ್ತುವ ಶಿಕ್ಷಕನಿಗೆ 'ಹುಚ್ಚುನಾಯಿ' ಎಂದೂ ಅಡ್ಡಹೆಸರಿಟ್ಟಿದ್ದಾರೆ. ಚಿತ್ರ ಶುರುವಾಗುವುದೇ ಆ ಮುದಿ ನರಿಯ ಸಾವಿನಿಂದ. ಹಳೆಯ ವಾರ್ಷಿಕ ಸಂಚಿಕೆಗಳ ಫೋಟೋಗಳನ್ನು ತಿರುವಿ ಹಾಕುತ್ತಿದ್ದಾಗ ಆಕೆಗೆ ಏನೋ ಕಂಡಿದೆ.

ಕಂಡಿದ್ದೇನೆಂದರೆ, ಒಂಬತ್ತು ವರ್ಷದ ಹಿಂದೆ ಸತ್ತ ಹುಡುಗಿ ಬೇರೆ ಬೇರೆ ಹೆಸರಿನಲ್ಲಿ ಅದೇ ಶಾಲೆಗೆ ಮತ್ತೆ ಮತ್ತೆ ಸೇರಿ, ತರಗತಿಯಲ್ಲಿ ಕೂತು, ಗ್ರೂಪ್ ಫೋಟೋದಲ್ಲೂ ನಿಂತಿದ್ದಾಳೆ. ಯಾರೂ ಗುರುತಿಸಲಿಲ್ಲ. ಹಾಜರಿ ಕರೆದವರು, ಹೊಡೆದವರು, ಅಂಕ ಕೊಟ್ಟವರು ಯಾರೂ ಆ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ದೆವ್ವದ ಸಿನಿಮಾಗಳಲ್ಲಿ ಇದಕ್ಕಿಂತ ನೋವಿನ ಕಲ್ಪನೆ ನನಗೆ ಸಿಕ್ಕಿಲ್ಲ. ಅವಳಿಗೆ ಬೇಕಾದದ್ದು ಸ್ನೇಹ. ತಾಯಿ ಮಾಂತ್ರಿಕಳೆಂಬ ಕಾರಣಕ್ಕೆ ಎಲ್ಲರೂ ದೂರ ಇಟ್ಟವಳು ಅವಳು. ಗೆಳತಿಯೂ ಕೈಬಿಟ್ಟಿದ್ದಳು, ಆ ಗೆಳತಿಯೇ ಈಗ ಅದೇ ಶಾಲೆಗೆ ಟೀಚರಾಗಿ ಬಂದಿದ್ದಾಳೆ. ಖರ್ಚಿಲ್ಲದ ತಂತ್ರಕ್ಕೂ ಈ ಚಿತ್ರವೇ ಪಾಠ. ಕಾರಿಡಾರಿನ ಆ ತುದಿಯಲ್ಲಿ ಹುಡುಗಿ ನಿಂತಿದ್ದಾಳೆ. ಒಂದು ಕಟ್, ಇನ್ನಷ್ಟು ಹತ್ತಿರ. ಇನ್ನೊಂದು ಕಟ್, ಮುಖ ತೆರೆ ತುಂಬಿದೆ. ನಡೆಯುವುದನ್ನು ತೋರಿಸದೆ ಎಡಿಟಿಂಗಿನಲ್ಲೇ ದೂರವನ್ನು ನುಂಗಿದ ಈ ಉಪಾಯವನ್ನು ಆಮೇಲೆ ಏಷ್ಯಾದ ಎಷ್ಟೋ ಚಿತ್ರಗಳಲ್ಲಿ ಕಂಡಿದ್ದೇವೆ. 2021ರವರೆಗೆ ಈ ಸರಣಿಯಲ್ಲಿ ಆರು ಚಿತ್ರಗಳು ಬಂದವು. ಎರಡನೆಯದಾದ 'ಮೆಮೆಂಟೊ ಮೊರಿ' (1999) ಇಬ್ಬರು ಹುಡುಗಿಯರ ಪ್ರೀತಿಯನ್ನು ಅಷ್ಟು ಮೃದುವಾಗಿ ಹಿಡಿದಿದೆ, ಅದನ್ನು ದೆವ್ವದ ಸಿನಿಮಾ ಎಂದು ಕರೆಯಲೂ ಮನಸ್ಸು ಹಿಂಜರಿಯುತ್ತದೆ.

ಥಾಯ್ಲೆಂಡಿನ 'ಡಾರ್ಮ್' (2006) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸೇಡನ್ನೇ ಕೈಬಿಟ್ಟಿತು; ಬೋರ್ಡಿಂಗ್ ಶಾಲೆಯ ಈಜುಕೊಳದಲ್ಲಿ ಸತ್ತ ಹುಡುಗ ಅಲ್ಲಿ ಹೊಸದಾಗಿ ಬಂದ ಒಂಟಿ ಹುಡುಗನಿಗೆ ಗೆಳೆಯನಾಗುತ್ತಾನೆ. ತೈವಾನಿನ 'ಡಿಟೆನ್ಷನ್' (2019) 1962ರ ಮಿಲಿಟರಿ ಕಾನೂನಿನ ದಿನಗಳಿಗೆ ಹೋಗುತ್ತದೆ. ನಿಷೇಧಿತ ಪುಸ್ತಕಗಳನ್ನು ಗುಟ್ಟಾಗಿ ಓದುವ ಮಕ್ಕಳ ಗುಂಪನ್ನು ಸಹಪಾಠಿಯೊಬ್ಬಳು ಹಿಡಿದುಕೊಡುತ್ತಾಳೆ. ಆಮೇಲೆ ಶಾಲೆಯಲ್ಲಿ ಅಲೆಯುವವಳು ಆ ತಪ್ಪಿನ ಭಾರ ಹೊತ್ತ ಹುಡುಗಿಯೇ. ಅಲ್ಲಿ ದೆವ್ವ ಕೇಳುವ ಲೆಕ್ಕ ಸರ್ಕಾರದವರೆಗೂ ಮುಟ್ಟುತ್ತದೆ.

2010ರ ದಶಕದಲ್ಲಿ ಅಮೆರಿಕ ಮತ್ತೆ ಅಗ್ಗದ ದಾರಿಗೆ ಮರಳಿತು. ಅಲ್ಲಿನ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನನ್ನ ಮಾತು ಸ್ಪಷ್ಟವಾಗುತ್ತದೆ. 'ಅನ್‌ಫ್ರೆಂಡೆಡ್' (2014) ಖರ್ಚು ಸುಮಾರು 10 ಲಕ್ಷ ಡಾಲರ್, ಗಳಿಕೆ ಜಗತ್ತಿನಾದ್ಯಂತ 6 ಕೋಟಿಗೂ ಮಿಕ್ಕಿ. 'ದಿ ಗ್ಯಾಲೋಸ್' (2015) ಖರ್ಚು ಸುಮಾರು 1 ಲಕ್ಷ ಡಾಲರ್, ಗಳಿಕೆ 4 ಕೋಟಿಗೂ ಹೆಚ್ಚು. ವ್ಯಾಪಾರದ ದೃಷ್ಟಿಯಲ್ಲಿ ಎರಡನೆಯದೇ ಪವಾಡ.

ಸಿನಿಮಾ ದೃಷ್ಟಿಯಲ್ಲಿ ಹಾಗಲ್ಲ. 'ಗ್ಯಾಲೋಸ್' ಕಥೆಯಲ್ಲಿ 1993ರ ಶಾಲಾ ನಾಟಕದಲ್ಲಿ ನೇಣಿನ ದೃಶ್ಯ ನಿಜವಾಗಿ ಚಾರ್ಲಿ ಎಂಬ ಹುಡುಗ ಸತ್ತಿರುತ್ತಾನೆ. ಇಪ್ಪತ್ತು ವರ್ಷದ ನಂತರ ಅದೇ ನಾಟಕವನ್ನು ಆಡಲು ಹೊರಟವರ ಮೇಲೆ ಅವನ ದೆವ್ವ ಎರಗುತ್ತದೆ. ಅವನು ಎಂಥ ಹುಡುಗ, ಯಾರು ಅವನನ್ನು ನೋಯಿಸಿದರು, ಆ ಸಾವಿನ ಹೊಣೆಯನ್ನು ಶಾಲೆ ಹೇಗೆ ಕೊಡವಿಕೊಂಡಿತು ಎಂಬುದರಲ್ಲಿ ಚಿತ್ರಕ್ಕೆ ಆಸಕ್ತಿಯಿಲ್ಲ. ಕಾಯಿಲೆಯೆಂದು ಆ ದಿನ ಬಾರದ ಒಬ್ಬನ ಮಗ ಈಗ ತಲೆ ಕೊಡಬೇಕಾಗುತ್ತದೆ. ಕತ್ತಲೆ, ಓಟ, ಅಲುಗಾಡುವ ಕ್ಯಾಮೆರಾ ಎಲ್ಲ ಇದೆ, ಸಿಟ್ಟಿಗೆ ಮಾತ್ರ ಬೇರಿಲ್ಲ.

'ಅನ್‌ಫ್ರೆಂಡೆಡ್' ಪೂರ್ತಿ ನಡೆಯುವುದು ಒಂದು ಲ್ಯಾಪ್‌ಟಾಪಿನ ಪರದೆಯ ಮೇಲೆ. ಲಾರಾ ಬಾರ್ನ್ಸ್ ಎಂಬ ಹುಡುಗಿಯ ಮಾನಗೆಡಿಸುವ ವಿಡಿಯೋವನ್ನು ಯಾರೋ ಹಾಕಿದ್ದಾರೆ, ಅವಳು ಪ್ರಾಣ ಕಳೆದುಕೊಂಡಿದ್ದಾಳೆ. ವರ್ಷ ತುಂಬಿದ ರಾತ್ರಿ ಗೆಳೆಯರ ವಿಡಿಯೋ ಕಾಲಿಗೆ ಅವಳ ಖಾತೆಯಿಂದ ಯಾರೋ ಸೇರಿಕೊಳ್ಳುತ್ತಾರೆ. ನಾಯಕಿ ಬ್ಲೇರ್ ಒಂದು ಸಂದೇಶ ಟೈಪ್ ಮಾಡುತ್ತಾಳೆ, ನಿಲ್ಲಿಸುತ್ತಾಳೆ, ಪೂರ್ತಿ ಅಳಿಸುತ್ತಾಳೆ, ಇನ್ನೇನೋ ಸಭ್ಯವಾದದ್ದನ್ನು ಬರೆದು ಕಳಿಸುತ್ತಾಳೆ. ಅಳಿಸಿದ ಆ ಸಾಲಿನಲ್ಲಿ ಅವಳ ನಿಜರೂಪ ನಮಗೆ ಕಂಡುಬಿಡುತ್ತದೆ. ಎಲ್ಲರಿಗಿಂತ ಒಳ್ಳೆಯವಳಂತೆ ಕಂಡ ಬ್ಲೇರಳೇ ವಿಡಿಯೋ ತೆಗೆದವಳೆಂದು ಕೊನೆಗೆ ಹೊರಬೀಳುತ್ತದೆ. ಇಲ್ಲಿ ಸಿಟ್ಟಿನ ಬೇರು ಕಾಣುತ್ತದೆ. ಕೊರತೆ ಒಂದೇ: ಅದು ಗೆಳೆಯರ ಗುಂಪನ್ನು ದಾಟುವುದಿಲ್ಲ. ಆ ವರ್ಷವಿಡೀ ಶಾಲೆ, ಪೋಷಕರು ಏನು ಮಾಡುತ್ತಿದ್ದರೆಂದು ಚಿತ್ರ ಕೇಳುವುದೇ ಇಲ್ಲ.

ಇನ್ನು ನಮ್ಮ ಕಡೆಗೆ. ಹಿಂದಿಯಲ್ಲಿ ಅಗ್ಗದ ಭಯಚಿತ್ರಕ್ಕೆ ದಾರಿ ಹಾಕಿದ ರಾಮ್ಸೆ ಸಹೋದರರು 1972ರ 'ದೋ ಗಜ್ ಜಮೀನ್ ಕೆ ನೀಚೆ'ಯಿಂದ ಹಿಡಿದು ಹವೇಲಿ, ಸ್ಮಶಾನ, ಹಳೆಯ ಗುಡಿಗಳ ಸುತ್ತ ಸುತ್ತಿದರು. 1994ರ 'ಮಹಾಕಾಲ್' ಚಿತ್ರದಲ್ಲಿ ಕಾಲೇಜು ಹುಡುಗ ಹುಡುಗಿಯರಿದ್ದಾರೆ, ಆದರೆ ದೆವ್ವದ ಜಗಳ ಅವರ ಹಿರಿಯರ ಜೊತೆಗಿನದು. ಕನ್ನಡದಲ್ಲೂ ಸೇಡಿನ ಹೆಣ್ಣುದೆವ್ವಕ್ಕೆ ಗಟ್ಟಿ ಪರಂಪರೆಯಿದೆ. 1979ರ 'ನಾ ನಿನ್ನ ಬಿಡಲಾರೆ' ಅನಂತ್ ನಾಗ್ ಮತ್ತು ಲಕ್ಷ್ಮಿ ಅವರ ನಟನೆಯಿಂದ ಒಂದು ಪೀಳಿಗೆಯ ನಿದ್ದೆಗೆಡಿಸಿತು. 2004ರ 'ಆಪ್ತಮಿತ್ರ' ನಾಗವಲ್ಲಿಯನ್ನು ಮನೆಮಾತಾಗಿಸಿತು. ಈ ದೆವ್ವಗಳೆಲ್ಲ ಮನೆಯವು, ಬಂಗಲೆಯವು, ಅರಮನೆಯವು. ಕಾಲೇಜಿನ ಗೇಟು ದಾಟಿದ ದೆವ್ವ ನಮ್ಮ ತೆರೆಯ ಮೇಲೆ ಗಟ್ಟಿಯಾಗಿ ನೆಲೆನಿಲ್ಲಲಿಲ್ಲ.

ಇದು ನನ್ನನ್ನು ಯಾವಾಗಲೂ ಚಕಿತಗೊಳಿಸಿದೆ. ಯಾಕೆಂದರೆ ಬಾಯಿಮಾತಿನ ಕಥೆಗಳಲ್ಲಿ ನಮ್ಮ ಹಾಸ್ಟೆಲುಗಳು ದೆವ್ವಗಳಿಂದ ತುಂಬಿವೆ. ಬೀಗ ಹಾಕಿಟ್ಟ ಒಂದು ರೂಮು, ಅಲ್ಲಿ ಫೇಲಾದ ಹುಡುಗಿ ನೇಣು ಹಾಕಿಕೊಂಡಳಂತೆ ಎಂಬ ಸುದ್ದಿ, ಮೂರನೇ ಮಹಡಿಯ ಬಚ್ಚಲಿನಲ್ಲಿ ರಾತ್ರಿ ನೀರು ಬಿಡುವ ಸದ್ದು. ಪ್ರತಿ ವರ್ಷ ಸೀನಿಯರುಗಳು ಜೂನಿಯರುಗಳಿಗೆ ಇದನ್ನು ಪಾಠದಷ್ಟು ಶ್ರದ್ಧೆಯಿಂದ ದಾಟಿಸುತ್ತಾರೆ. ತೆರೆಯ ಮೇಲಿನ ಕನ್ನಡದ ಕಾಲೇಜಿನಲ್ಲಿ ಪ್ರೀತಿಯಿದೆ, ಹೊಡೆದಾಟವಿದೆ, ಚುನಾವಣೆಯಿದೆ. ರ‍್ಯಾಗಿಂಗ್ ಬಂದರೆ ಬಹುತೇಕ ನಗಿಸುವುದಕ್ಕೇ ಬರುತ್ತದೆ. ಜೂನಿಯರನ್ನು ಕುಣಿಸುತ್ತಾರೆ, ಹಾಡಿಸುತ್ತಾರೆ, ಆಮೇಲೆ ಎಲ್ಲರೂ ಗೆಳೆಯರಾಗುತ್ತಾರೆ. ಆದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯೇ ರ‍್ಯಾಗಿಂಗನ್ನು ಶಿಕ್ಷಾರ್ಹ ಅಪರಾಧ ಮಾಡಿದೆ. 2009ರ ಯುಜಿಸಿ ನಿಯಮಗಳ ಪ್ರಕಾರ ವಿದ್ಯಾರ್ಥಿ ಮತ್ತು ಪೋಷಕರು ಇಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ಎಷ್ಟೋ ಸಾವುಗಳಾದ ಮೇಲೆ ಬಂದ ನಿಯಮ ಅದು. ತೆರೆಯ ಮೇಲೆ ನಾವು ನಕ್ಕು ಮುಗಿಸಿದ ಆ ಕುಣಿತದ ದೃಶ್ಯದಿಂದಲೇ ಕೊರಿಯಾದವರು ಸಿನಿಮಾ ಶುರುಮಾಡುತ್ತಿದ್ದರು.

ಸಣ್ಣ ಖರ್ಚಿನಲ್ಲಿ ಮಾಡುವ ಕೈ ನಮಗಿಲ್ಲ ಎನ್ನುವಂತಿಲ್ಲ. ಹೊಸಬರೇ ಸೇರಿ ಮಾಡಿದ '6-5=2' (2013) ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬ ನೆಪದಲ್ಲಿ ಜನರನ್ನು ಹೆದರಿಸಿ, ಮರುವರ್ಷವೇ ಹಿಂದಿಗೂ ಹೋಯಿತು. ನಿತಿನ್ ಕೃಷ್ಣಮೂರ್ತಿ ಅವರ 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' (2023) ಒಂದು ಹಾಸ್ಟೆಲು, ಒಂದು ರಾತ್ರಿ, ವಾರ್ಡನ್ನಿನ ಹೆಣ, ಇಷ್ಟನ್ನೇ ಇಟ್ಟುಕೊಂಡು ಕ್ಯಾಮೆರಾವನ್ನು ಹುಡುಗರ ನಡುವೆ ಓಡಿಸಿತು. ಅದು ನಗೆಯ ಚಿತ್ರ, ದೆವ್ವಕ್ಕೆ ಅಲ್ಲಿ ಕೆಲಸವಿಲ್ಲ. ಆದರೆ ಹಾಸ್ಟೆಲಿನ ಸದ್ದು, ಗಲೀಜು, ಭಾಷೆ, ಮಧ್ಯರಾತ್ರಿಯ ಗಲಾಟೆ ಅಷ್ಟು ನಿಜವಾಗಿ ಕನ್ನಡದಲ್ಲಿ ಹಿಂದೆ ಬಂದಿರಲಿಲ್ಲ.

ಸೇಡಿನ ದೆವ್ವದ ಲೆಕ್ಕವನ್ನು ಕನ್ನಡದಲ್ಲಿ ಸರಿಯಾಗಿ ಬಿಡಿಸಿದ್ದು ಪವನ್ ಕುಮಾರ್ ಅವರ 'ಯು ಟರ್ನ್' (2016). ಬೆಂಗಳೂರಿನ ಡಬಲ್ ರೋಡ್ ಫ್ಲೈಓವರಿನಲ್ಲಿ ಡಿವೈಡರಿನ ಕಲ್ಲು ಸರಿಸಿ ಅಡ್ಡದಾರಿ ಹಿಡಿಯುವ ಬೈಕಿನವರು, ಆ ಕಲ್ಲಿನಿಂದಾಗಿ ಸತ್ತ ತಾಯಿ ಮತ್ತು ಮಗು, ತಪ್ಪು ಮಾಡಿದವರನ್ನು ಹುಡುಕಿ ಕೊಲ್ಲುವ ಪ್ರೇತ. ಕಾಲೇಜಿಲ್ಲ, ಬಂಗಲೆಯಿಲ್ಲ, ದಿನಾ ನಾವು ಓಡಾಡುವ ರಸ್ತೆ. ಅಂದು ಕಲ್ಲು ಸರಿಸಿದವನು ತನ್ನ ಗಂಡನೇ ಎಂಬ ಸತ್ಯ ಕೊನೆಯಲ್ಲಿ ಆ ಸತ್ತ ತಾಯಿಯೆದುರು ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ಸತ್ತವರ ಮುಖಗಳೆಲ್ಲ ನಮ್ಮ ಕಣ್ಣ ಮುಂದೆ ಮತ್ತೆ ಹಾದುಹೋಗುತ್ತವೆ. ಸಣ್ಣ ತಪ್ಪಿಗೆ ಅಷ್ಟು ದೊಡ್ಡ ಶಿಕ್ಷೆಯೇ ಎಂಬ ಸಂಕಟವನ್ನು ಚಿತ್ರ ನಮ್ಮ ಮೇಲೆ ಹೊರಿಸಿ ಬಿಡುತ್ತದೆ. ಆಮೇಲೆ ಮಲಯಾಳಂ, ತಮಿಳು, ತೆಲುಗಿಗೂ ಇದು ಹೋದದ್ದು ದೆವ್ವದ ಬಲದಿಂದಲ್ಲ, ಆ ಲೆಕ್ಕದ ಬಲದಿಂದ.

ಹಾಗಾದರೆ ಕನ್ನಡದ ಕಾಲೇಜಿಗೆ ಅಡ್ಡಿಯೇನು? ಸರ್ಟಿಫಿಕೇಟಿನ ತೊಡಕು ಒಂದಿದೆ. ಭಯಚಿತ್ರಕ್ಕೆ 'ಎ' ಬಂದರೆ ಪಿಯುಸಿ ಹುಡುಗರು ಒಳಗೆ ಬರುವಂತಿಲ್ಲ, ಈ ಕಥೆ ಯಾರದ್ದೋ ಅವರೇ ಹೊರಗುಳಿಯುತ್ತಾರೆ. ಟಿವಿಗೆ ಕೊಡಬೇಕಾದರೆ ಮತ್ತೆ ಸರ್ಟಿಫಿಕೇಟ್ ಮಾಡಿಸಬೇಕು, ಸ್ಯಾಟಲೈಟ್ ಹಕ್ಕನ್ನೇ ನೆಚ್ಚಿಕೊಂಡ ಸಣ್ಣ ನಿರ್ಮಾಪಕನಿಗೆ ಅದು ದೊಡ್ಡ ಹೊಡೆತ. ಶೂಟಿಂಗಿಗೆ ಕಟ್ಟಡ ಬೇಕೆಂದರೆ ಯಾವ ಸಂಸ್ಥೆಯೂ ಆಡಳಿತ ಮಂಡಳಿಯ ತಪ್ಪು ತೋರಿಸುವ ಕಥೆಗೆ ಸುಲಭವಾಗಿ ಬಾಗಿಲು ತೆರೆಯದು. ಹಾಗಾಗಿ ಸ್ಕ್ರಿಪ್ಟಿನ ಹಂತದಲ್ಲೇ ಅಪರಾಧವನ್ನು ಇಬ್ಬರು ಮೂವರು ಪುಂಡರ ತಲೆಗೆ ಕಟ್ಟಿ, ಪ್ರಿನ್ಸಿಪಾಲರನ್ನು ಒಳ್ಳೆಯವರಾಗಿಸಿಬಿಡುತ್ತಾರೆ. ಚಿತ್ರ ಸಾಯುವುದು ಅಲ್ಲೇ ಎಂದು ನನ್ನ ನಂಬಿಕೆ.

ನಮ್ಮಲ್ಲಿ ಬರೆಯಬೇಕಾದ ಕುಂದುಕೊರತೆಗಳಿಗೆ ಬರವಿಲ್ಲ. ಫೀಸು ಬಾಕಿಯಿದೆಯೆಂದು ಪರೀಕ್ಷೆಯ ಹಿಂದಿನ ದಿನ ಹಾಲ್‌ಟಿಕೆಟ್ ಕೊಡದೆ ಕಳಿಸಿದ್ದು. ಇಂಟರ್ನಲ್ ಅಂಕ ಕೈಯಲ್ಲಿಟ್ಟುಕೊಂಡು ಹೆದರಿಸಿದ್ದು. ಇಟ್ಟುಕೊಳ್ಳಬಾರದೆಂದು ಯುಜಿಸಿ ಹೇಳಿದ ಮೇಲೂ ಮೂಲ ಅಂಕಪಟ್ಟಿಗಳನ್ನು ಆಫೀಸಿನ ಬೀರುವಿನಲ್ಲಿ ಹಿಡಿದಿಟ್ಟದ್ದು. ಜಾತಿ ಕೇಳಿ ಮೆಸ್ಸಿನಲ್ಲಿ ತಟ್ಟೆ ಬೇರೆ ಮಾಡಿದ್ದು. ಹಳ್ಳಿಯಿಂದ ಬಂದ ಹುಡುಗಿ ಇಂಗ್ಲಿಷಿನಲ್ಲಿ ತಡವರಿಸಿದಾಗ ಕ್ಲಾಸಿಗೆ ಕ್ಲಾಸೇ ನಕ್ಕದ್ದು, ಪಾಠ ಮಾಡುವವರೂ ಸೇರಿ ನಕ್ಕದ್ದು. ಇವುಗಳಲ್ಲಿ ಯಾವುದೇ ಒಂದನ್ನು ಹಿಡಿದು ಮೊದಲ ಅರ್ಧ ಗಂಟೆ ಅವಸರವಿಲ್ಲದೆ ತೋರಿಸುವ ನಿರ್ದೇಶಕನಿಗೆ ಗ್ರಾಫಿಕ್ಸ್ ಬೇಕಾಗುವುದಿಲ್ಲ. ಹುಡುಗಿ ಬರೆದುಕೊಟ್ಟ ದೂರಿನ ಅರ್ಜಿ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತು, ಯಾರು ಓದಿದರು, ಓದಿ ಯಾವ ಡ್ರಾಯರಿನಲ್ಲಿ ಇಟ್ಟರು ಎಂಬುದನ್ನು ಅವನು ಮೊದಲೇ ತೀರ್ಮಾನಿಸಿಕೊಂಡಿದ್ದರೆ, ಮಧ್ಯಂತರದ ನಂತರ ದೆವ್ವ ಯಾವ ಬಾಗಿಲು ತಟ್ಟಬೇಕೆಂದು ಯೋಚಿಸುತ್ತ ಕೂರಬೇಕಾಗಿಲ್ಲ.